ಎಂಟು ಮನೆಯ ಕಾಗದದ ಮೇಲೆ ತೂಗಿದ ನಕ್ಷತ್ರ

ಆಕಾಶ ನೋಡದ ಖಗೋಳ ವಿಜ್ಞಾನಿಯನ್ನು ನೀವು ಕಂಡಿದ್ದೀರೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಅಂಥ ಒಬ್ಬರ ಎದುರು ಕುರ್ಚಿಯಲ್ಲಿ ಹದಿನಾಲ್ಕು ವರ್ಷ ಕೂತಿದ್ದೆ. ಚಳ್ಳಕೆರೆಯ ಕಾಲೇಜಿನಲ್ಲಿ ಅವರು ಫಿಸಿಕ್ಸ್, ನಾನು ಗಣಿತ. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಸೇರಿ ಒಂದೇ ಮೇಜು. ಅದರ ಮುಕ್ಕಾಲು ಭಾಗ ಅವರ ಕಾಗದಗಳಿಗೆ, ಉಳಿದ ಕಾಲು ಭಾಗ ನನ್ನ ಮೊಣಕೈಗೆ ಮತ್ತು ಅವರು ಕುಡಿಯಲು ಮರೆತ ಟೀಗೆ. ಸಂಜೆ ಇಬ್ಬರೂ ಮನೆ ಕಡೆ ನಡೆಯುವಾಗ ಎಣ್ಣೆ ಮಿಲ್ಲಿನ ಚಿಮಣಿಯ ಪಕ್ಕ ಶುಕ್ರ ಹೊಳೆಯುತ್ತಿದ್ದರೆ, "ನೋಡಿ ಸಾರ್, ನಿಮ್ಮ ನೆಂಟ ಬಂದವ್ನೆ" ಎಂದು ನಾನು ಕೆಣಕುತ್ತಿದ್ದೆ. ಅವರು ತಲೆ ಎತ್ತುತ್ತಲೇ ಇರಲಿಲ್ಲ.

"ಅದು ಕಾಣ್ತೈತೆ ಬಿಡ್ರಿ. ಕಾಣೋದಕ್ಕೆ ನಾನ್ಯಾಕೆ ಬೇಕು?" ಎನ್ನುತ್ತಿದ್ದರು.

ಅವರಿಗೆ ಬೇಕಾಗಿದ್ದು ಕಾಣದ್ದು. ಆಕಾಶದಲ್ಲಿ ಎಷ್ಟೋ ನಕ್ಷತ್ರಗಳು ಜೋಡಿಯಾಗಿ, ಒಂದನ್ನೊಂದು ಸುತ್ತುತ್ತ ಬದುಕುತ್ತವಂತೆ. ಅವುಗಳಲ್ಲಿ ಒಂದು ಉರಿದು ಮುಗಿದು, ತನ್ನ ಭಾರಕ್ಕೆ ತಾನೇ ಕುಸಿದು, ಮುದ್ದೆಯಾಗಿ ಉಳಿದರೆ ಅದು ನ್ಯೂಟ್ರಾನ್ ನಕ್ಷತ್ರ. ಅದರ ಗಾತ್ರವನ್ನು ಅವರು ಮಕ್ಕಳಿಗೆ ಹೇಳುತ್ತಿದ್ದ ರೀತಿ ಇಡೀ ತಾಲ್ಲೂಕಿಗೆ ಬಾಯಿಪಾಠವಾಗಿತ್ತು: "ಇಲ್ಲಿ ಬಸ್ ಹತ್ತಿ, ದೊಡ್ಡಉಳ್ಳಾರ್ತಿ ದಾಟಿ, ಇನ್ನೊಂಚೂರು ಮುಂದಕ್ಕೆ ಹೋಗಿ ಇಳೀರಿ. ಇಪ್ಪತ್ತು ಕಿಲೋಮೀಟರಿಗೆ ಮುಗೀತು ನಕ್ಷತ್ರ. ತೂಕ ಮಾತ್ರ ಹತ್ತಿರ ಹತ್ತಿರ ಒಂದೂವರೆ ಸೂರ್ಯ." ಹುಡುಗರು ಅವರಿಗೆ 'ಒಂದೂವರೆ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಅವರಿಗಿದ್ದ ಆಕ್ಷೇಪಣೆ ಒಂದೇ: "ಒಂದೂವರೆ ಅಲ್ಲ ಕಣ್ರೀ, ಒಂದು ಪಾಯಿಂಟ್ ನಾಲ್ಕು. ಅಡ್ಡಹೆಸರನ್ನಾದ್ರೂ ಸರಿಯಾಗಿ ಇಡಬಾರ್ದಾ?"

ಗಿಡ್ಡ ಆಳು. ಇಸ್ತ್ರಿ ಮಾಡಿದ ಬುಷ್ ಶರ್ಟು, ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು. ಉತ್ಸಾಹ ಬಂದರೆ ಚಪ್ಪಲಿ ಬಿಟ್ಟುಬಿಡುವುದು ಅವರ ಅಭ್ಯಾಸ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ, ಓದು ಮುಗಿಯುವವರೆಗೂ ಮಗ್ಗದ ಗುಂಡಿಯಲ್ಲಿ ಕೂತು ಬರಿಗಾಲಲ್ಲಿ ಕಾಲುಮಣೆ ತುಳಿದವರು. ಮನಸ್ಸು ಕೆಲಸಕ್ಕೆ ಇಳಿಯಿತೆಂದರೆ ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತಿತ್ತು. ಕಾರಿಡಾರಿನಲ್ಲಿ ಒಂದು ಜೊತೆ ಚಪ್ಪಲಿ ಅನಾಥವಾಗಿ ಬಿದ್ದಿದ್ದರೆ, ಪಕ್ಕದ ಕ್ಲಾಸಿನಲ್ಲಿ ಪಾಠ ರಂಗೇರಿದೆ ಎಂದು ಅಟೆಂಡರು ಅದನ್ನು ಗೋಡೆಗೆ ಸರಿಸಿ ಇಡುತ್ತಿದ್ದ.

ಕಾಣದ ನಕ್ಷತ್ರವನ್ನು ತೂಗುವುದು ಹೇಗೆ ಎಂದು ನಾನೊಮ್ಮೆ ಕೇಳಿದೆ. ಕೇಳಿದ್ದು ಕುತೂಹಲಕ್ಕಲ್ಲ, ಕುಹಕಕ್ಕೆ. ಗಣಿತದವರಿಗೆ ಫಿಸಿಕ್ಸಿನವರ ಬಗ್ಗೆ ಇರಬೇಕಾದಷ್ಟು ತಾತ್ಸಾರ ನನಗೂ ಇತ್ತು. ಅವರು ಉತ್ತರ ಹೇಳಲಿಲ್ಲ. ಮಾರನೆಯ ದಿನ ಊಟದ ಬಿಡುವಿನಲ್ಲಿ ಲ್ಯಾಬಿಗೆ ಕರೆದು ಟವಲಿನಿಂದ ನನ್ನ ಕಣ್ಣು ಕಟ್ಟಿದರು.

"ಈಗ ಎದುರಿಗೆ ಒಬ್ರು ಬರ್ತಾರೆ. ಅವರ ಎರಡೂ ಕೈ ಹಿಡ್ಕೊಂಡು ಗಿರಗಿರ ತಿರುಗ್ರಿ, ಹುಡುಗೀರು ಆಡ್ತಾರಲ್ಲ ಹಂಗೆ. ಮಾತಾಡಂಗಿಲ್ಲ. ಎಷ್ಟು ಜಗ್ಗುತ್ತೆ ನೋಡ್ಕಂಡು ಅವರ ತೂಕ ಹೇಳ್ರಿ."

ನಾನು ಸಣಕಲ. ಯಾರದೋ ಮೆತ್ತನೆಯ ದಪ್ಪ ಕೈ ಸಿಕ್ಕಿತು. ಎರಡು ಸುತ್ತಿಗೇ ನಾನು ಲ್ಯಾಬಿನ ತುಂಬ ತೂರಾಡಿದೆ, ಆ ಕಡೆಯವರು ನಿಂತಲ್ಲೇ ಒಂಚೂರು ಓಲಾಡಿದರು. "ಎಂಬತ್ತು ಕೇಜಿ ಮೇಲೈತೆ. ಬಿಡ್ಲೇ, ಅಟೆಂಡರ್ ನೀನೇ ಅಂತ ಗೊತ್ತಾಯ್ತು" ಎಂದು ಟವಲು ಕಿತ್ತೆಸೆದೆ. ಎದುರಿಗೆ ನಿಂತಿದ್ದವರು ಪ್ರಿನ್ಸಿಪಾಲರು. ಮೇಷ್ಟ್ರಿಗೆ ಅದ್ಯಾವುದರ ಪರಿವೆಯೂ ಇಲ್ಲ, ಬರಿಗಾಲಲ್ಲಿ ಕುಣಿಯುತ್ತಿದ್ದರು.

"ತೂಕ ಸರಿ ಹೇಳಿದ್ರು ನೋಡ್ರಿ. ಆಸಾಮಿ ಯಾರು ಅಂತ ತಪ್ಪಿದ್ರು, ತೂಕ ತಪ್ಪಲಿಲ್ಲ. ನಂಗೆ ಬೇಕಾಗಿದ್ದು ಅಷ್ಟೇ."

ಅವತ್ತಿನಿಂದ ನನ್ನ ಕುಹಕ ಅರ್ಧ ಇಳಿಯಿತು. ಹಗುರಾದವನು ದೊಡ್ಡ ಸುತ್ತು ಹಾಕುತ್ತಾನೆ, ಭಾರದವನು ಚಿಕ್ಕ ಸುತ್ತು. ಇಬ್ಬರ ವೇಗ ಗೊತ್ತಾದರೆ, ಒಂದು ಸುತ್ತಿಗೆ ಎಷ್ಟು ದಿನ ಎಂಬುದು ಗೊತ್ತಾದರೆ, ತೂಕ ಕೈಗೆ ಬರುತ್ತದೆ. ಅವರು ಹಿಡಿದುಕೊಂಡಿದ್ದ ಜೋಡಿಯಲ್ಲಿ ಭಾರದ್ದು ಇನ್ನೂ ಉರಿಯುತ್ತಿರುವ ಒಂದು ದೈತ್ಯ ನಕ್ಷತ್ರ, ಹಗುರಾದದ್ದು ಈ ನ್ಯೂಟ್ರಾನ್ ಮುದ್ದೆ. ಅದು ಕಣ್ಣಿಗೆ ಕಾಣದಿದ್ದರೂ ಅದರಿಂದ ಎಕ್ಸ್‌ರೇ ಮಿಡಿತ ಬರುತ್ತದೆ. ನಮ್ಮ ಕಡೆ ಬರುವಾಗ ಮಿಡಿತ ಒತ್ತೊತ್ತಾಗಿ, ದೂರ ಹೋಗುವಾಗ ಬಿಡಿಬಿಡಿಯಾಗಿ ಕೇಳುವುದರಿಂದ ಅದರ ವೇಗವನ್ನು ಹೊರದೇಶದವರು ಆಗಲೇ ಅಳೆದಿದ್ದರು. ಬಳ್ಳಾರಿ ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯುತ್ತ ಹೋದಾಗಲೆಲ್ಲ ಅವರು ಪಾಠ ನಿಲ್ಲಿಸಿ ಬೆರಳೆತ್ತಿ ಕೇಳಿಸುತ್ತಿದ್ದದ್ದು ಇದನ್ನೇ. ಉಳಿದದ್ದು ಒಂದೇ ಅಂಕಿ: ಆ ದೈತ್ಯ ನಕ್ಷತ್ರ ಎಷ್ಟು ವೇಗದಲ್ಲಿ ಓಲಾಡುತ್ತದೆ ಎಂಬುದು. ಓಲಾಟವೋ ಬಹಳ ಕಡಿಮೆ. ಸಾಲದ್ದಕ್ಕೆ ಆ ದೈತ್ಯ ತಾನೇ ಒಳಗೊಳಗೆ ನಡುಗುತ್ತಿರುವುದರಿಂದ ಅಳತೆಗಳು ಚೆಲ್ಲಾಪಿಲ್ಲಿ.

ಆ ಒಂದು ಅಂಕಿಯ ಮೇಲೆ ಅವರ ಪಿಎಚ್.ಡಿ. ನಿಂತಿತ್ತು. ಬೆಂಗಳೂರಿನ ಗೈಡು ಅಳತೆಯ ಪಟ್ಟಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, ಇವರು ಇಲ್ಲಿ ಕೂತು ಬಿಡಿಸುತ್ತಿದ್ದರು. ರಿಜಿಸ್ಟ್ರೇಷನ್ನಿನ ಗಡುವು ಎರಡು ಸಲ ಮುಂದಕ್ಕೆ ಹೋಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಜನವರಿಯಲ್ಲಿ ಗೈಡಿನಿಂದ ಕಾಗದ ಬಂತು: ತಿಂಗಳ ಕೊನೆಯೊಳಗೆ ಫಲಿತಾಂಶ ಕಳಿಸದಿದ್ದರೆ ಮೂರನೆಯ ಸಲ ಕೇಳಲು ತಮಗೆ ಮುಖವಿಲ್ಲ ಎಂದು. ಅವರಿಗಾಗ ಐವತ್ತು ದಾಟಿತ್ತು.

"ಈ ವಯಸ್ಸಲ್ಲಿ ಡಾಕ್ಟರ್ ಅನ್ನಿಸ್ಕೊಂಡು ಏನು ಮಾಡ್ತೀರಿ ಸಾರ್?" ಎಂದೆ.

"ಡಾಕ್ಟರ್ ಹಾಳಾಗ್ಲಿ. ಇಪ್ಪತ್ತೈದು ವರ್ಷದಿಂದ ಯಾರ್ಯಾರೋ ಅಳೆದ ಅಂಕಿಗಳನ್ನೇ ಬೋರ್ಡಿನ ಮೇಲೆ ಬರ್ದೀನಿ. ಬೆಳಕಿನ ವೇಗ ಇಷ್ಟು, ಭೂಮಿ ತೂಕ ಇಷ್ಟು. ಸಾಯೋದ್ರೊಳಗೆ ನಾನು ಅಳೆದಿದ್ದು ಅಂತ ಒಂದು ಅಂಕಿ ಇರ್ಲಿ ಅಂತ, ಅಷ್ಟೇ ಕಣ್ರೀ."

ಇದನ್ನು ಹೇಳುವಾಗ ಅವರು ಚಪ್ಪಲಿ ಬಿಟ್ಟಿರಲಿಲ್ಲ. ಅದಕ್ಕೇ ನನಗೆ ಅದು ನಾಟಿತು. ಸಹಾಯ ಮಾಡುತ್ತೇನೆ ಎಂದೆ.

ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುತ್ತಿದ್ದೆವು, ಉಳಿದ ದಿನ ಹೊದಿಕೆ ತೆಗೆಯುತ್ತಿರಲಿಲ್ಲ. ಹಾಗಾಗಿ ಗ್ರಾಫ್ ಹಾಕಿಯೇ ಅಂಕಿ ತೆಗೆಯಬೇಕು. ಮೇಷ್ಟ್ರ ಗ್ರಾಫೋ, ಚುಕ್ಕಿ ಇಟ್ಟರೆ ಸೌತೆಬೀಜದಷ್ಟು ದಪ್ಪ. ಆದರೆ ಊರಿನ ಮನೆಯಲ್ಲಿ ಅವರ ಅಕ್ಕ ಇದ್ದರು. ಸೀರೆಯ ಅಂಚಿಗೆ ಸೆರಗಿಗೆ ನವಿಲು, ಬಳ್ಳಿ, ರುದ್ರಾಕ್ಷಿಗಳನ್ನು ಚೌಕುಳಿ ಕಾಗದದ ಪುಟಾಣಿ ಚೌಕಗಳಲ್ಲಿ ಮನೆಮನೆಯಾಗಿ ಬರೆಯುವುದು ಆಕೆಯ ಕೆಲಸ. ಮೊಳಕಾಲ್ಮೂರಿನ ಅರ್ಧ ಮಗ್ಗಗಳಿಗೆ ಆಕೆಯದೇ ನಕ್ಷೆ. ಒಂದು ಮನೆ ತಪ್ಪಿದರೆ ಇಡೀ ಸೀರೆಗೆ ನವಿಲಿನ ಕೊಕ್ಕು ಮುರಿಯುತ್ತದೆ, ಆಕೆ ತಪ್ಪುತ್ತಿರಲಿಲ್ಲ. ಮೇಷ್ಟ್ರು ಅಂಕಿಯ ಪಟ್ಟಿ ಕೊಟ್ಟು, "ಒಂದು ಕಿಲೋಮೀಟರಿಗೆ ಎರಡು ಮನೆ ಇಡು ಅಕ್ಕ" ಎಂದು ಹೇಳಿ ಬಂದರು. ಮುಂದಿನ ಶುಕ್ರವಾರ ಕಾಗದ ಬಂತು.

ನಾನು ಅಂಥ ಗ್ರಾಫನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನೂರಾರು ಚುಕ್ಕಿಗಳು, ಒಂದೊಂದೂ ಸಾಸಿವೆ ಕಾಳಿಗಿಂತ ಸಣ್ಣದು. ನಡುವೆ ಅಕ್ಕ ಕಣ್ಣಳತೆಯಲ್ಲೇ ಎಳೆದ, ಮೇಲೇರಿ ಕೆಳಗಿಳಿಯುವ ಒಂದು ಬಳುಕು ಗೆರೆ. ಮೇಷ್ಟ್ರು ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ನೀವೇ ಓದ್ರಿ, ನನ್ನ ಕೈಲಾಗಲ್ಲ" ಎಂದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಹಾಗೆ. ಚಪ್ಪಲಿ ಆಗಲೇ ಮೇಜಿನ ಕೆಳಗೆ ಉಳಿದಿತ್ತು.

ನಾನು ಒಂದೊಂದು ಚುಕ್ಕಿಯನ್ನೂ ಹಿಡಿದು ಲೆಕ್ಕ ಕಟ್ಟಬಹುದಿತ್ತು. ಅದು ನನ್ನ ವಿದ್ಯೆ. ಸೋಮಾರಿತನ. ಗೆರೆ ನೋಡಿದರೆ ಸಾಕು ಎಂದುಕೊಂಡೆ. ನಡುಗೆರೆಯಿಂದ ಬಳುಕಿನ ತುದಿಗೆ ದಪ್ಪ ಗೀಟಿನ ದೊಡ್ಡ ಚೌಕಗಳು ಐದು. ಚೌಕಕ್ಕೆ ಹತ್ತು ಮನೆ, ಐವತ್ತಾಯಿತು. ಎರಡು ಮನೆಗೆ ಒಂದು ಕಿಲೋಮೀಟರ್.

"ಸೆಕೆಂಡಿಗೆ ಇಪ್ಪತ್ತೈದು ಕಿಲೋಮೀಟರ್ ಸಾರ್" ಎಂದೆ.

ಅವರು ಕ್ಯಾಲ್ಕುಲೇಟರಿಗೆ ಹಾರಿದರು. ಒತ್ತಿದರು, ಅಳಿಸಿದರು, ಮತ್ತೆ ಒತ್ತಿದರು. ಆಮೇಲೆ ಸ್ಟಾಫ್ ರೂಮಿನ ಬೋರ್ಡಿನ ಮೇಲಿದ್ದ ಟೈಮ್‌ಟೇಬಲ್ಲನ್ನು ಅಂಗೈಯಲ್ಲಿ ಒರೆಸಿ 1.8 ಎಂದು ಬರೆದರು.

"ಒಂದು ಪಾಯಿಂಟ್ ಎಂಟು ಸೂರ್ಯ. ಎಲ್ಲರಿಗೂ ಒಂದು ಪಾಯಿಂಟ್ ನಾಲ್ಕರ ಆಜುಬಾಜೇ ಬರೋದು, ನಮಗೆ ಒಂದು ಪಾಯಿಂಟ್ ಎಂಟು ಬಂದೈತೆ. ಅಂದ್ರೆ ಒಳಗಿರೋ ಪದಾರ್ಥ ಇವರೆಲ್ಲ ಅಂದ್ಕಂಡಿದ್ದಕ್ಕಿಂತ ಗಟ್ಟಿ ಐತೆ ಕಣ್ರೀ, ಇಷ್ಟು ಭಾರ ಹೊತ್ರೂ ಕುಸಿದಿಲ್ಲ."

ಅವತ್ತು ನಮ್ಮ ಕಾಲೇಜಿನಲ್ಲಿ ಪಾಠ ನಡೆಯಲಿಲ್ಲ. ಅಟೆಂಡರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದ. ಪ್ರಿನ್ಸಿಪಾಲರು ತಾವೇ ಮುಂದೆ ಬಂದು ಮೇಷ್ಟ್ರ ಕೈ ಹಿಡಿದು ಒಂದು ಸುತ್ತು ತಿರುಗಿದರು. ಕನ್ನಡದ ಮೇಷ್ಟ್ರು ನಿಂತ ನಿಲುವಿನಲ್ಲೇ ಒಂದು ಪದ್ಯ ಕಟ್ಟಿದರು, ಚೆನ್ನಾಗಿರಲಿಲ್ಲ. ನಾನೂ ಉಬ್ಬಿಹೋಗಿದ್ದೆ, ಓದಿದವನು ನಾನಲ್ಲವೇ? ಶನಿವಾರ ಬೆಳಿಗ್ಗೆ ಅಂಕಿಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಗೈಡಿಗೆ ಕಳಿಸಿದೆವು. ಭಾನುವಾರ, ಅಕ್ಕನಿಗೆ ಸುದ್ದಿ ಹೇಳಬೇಕೆಂದು ನನ್ನನ್ನೂ ಎಳೆದುಕೊಂಡು ಮೊಳಕಾಲ್ಮೂರಿಗೆ ಹೊರಟರು. ದಾರಿಯುದ್ದಕ್ಕೂ ಪಕ್ಕದ ಸೀಟಿನ ಶೇಂಗಾ ವ್ಯಾಪಾರಿಗೆ ನ್ಯೂಟ್ರಾನ್ ನಕ್ಷತ್ರ ವಿವರಿಸಿದರು. ಆತ ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ಲಿನಲ್ಲಿ ಇಳಿಯುವಾಗ ಅವರಿಗೆ ಕೈಮುಗಿದ.

ಅವರ ಮನೆಯಲ್ಲಿ ತೆಲುಗು. ನನಗೋಸ್ಕರ ಕನ್ನಡ. ನಡುಮನೆಯಲ್ಲೇ ಮಗ್ಗ, ಅದರ ಮೇಲೆ ಅರ್ಧ ನೇಯ್ದ ಗಿಣಿಹಸಿರು ಸೀರೆ. ಅಕ್ಕ ಕನ್ನಡಕ ಹಣೆಗೇರಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಟೀ ಕೊಟ್ಟರು. ಆಮೇಲೆ, ನನ್ನ ಚೀಲದಿಂದ ಹೊರಬಂದ ತಮ್ಮದೇ ಕಾಗದವನ್ನು ಎಳೆದುಕೊಂಡು ನೋಡಿದರು.

"ಏಮಿರಾ ಇದಿ, ಏನೋ ಇದು? ಇಪ್ಪತ್ತೈದು ಎಲ್ಲಿಂದ ತಂದ್ಯೋ? ನಾನು ನಲವತ್ತನೇ ಮನೆ ದಾಟೇ ಇಲ್ವಲ್ಲ. ಇಪ್ಪತ್ತಲ್ವಾ ಆಗೋದು?"

ಮೇಷ್ಟ್ರು ಕಾಗದ ನೋಡಿದರು. ಅದನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು.

ನೇಕಾರರ ಚೌಕುಳಿ ಕಾಗದ ಶಾಲೆಯ ಗ್ರಾಫಿನಂತಲ್ಲ. ಮಗ್ಗದ ಮೇಲಿಂದ ನಕ್ಷೆ ಮೂಡಿಸುವ ಜಕಾರ್ಡ್ ಪೆಟ್ಟಿಗೆಗೆ ಹಾಕುವ ರಟ್ಟಿನಲ್ಲಿ ಸಾಲಿಗೆ ಎಂಟು ತೂತು. ಅದಕ್ಕೆ ಕಾಗದದಲ್ಲೂ ಪ್ರತಿ ಎಂಟು ಮನೆಗೆ ಒಂದು ದಪ್ಪ ಗೀಟು. ಹತ್ತಕ್ಕಲ್ಲ. ಐದು ಚೌಕ ಎಂದರೆ ನಲವತ್ತು ಮನೆ. ನಾನು ಜೀವಮಾನವಿಡೀ ಹತ್ತರ ಗ್ರಾಫು ನೋಡಿದವನು, ಎಣಿಸಿಯೂ ನೋಡದೆ ಹತ್ತು ಎಂದಿದ್ದೆ.

ಮೇಷ್ಟ್ರು ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಬೇಕಿತ್ತು. ಗಣಿತದ ಮೇಷ್ಟ್ರು ಎಂಟು ಎಣಿಸಲಾರದೆ ಹೋದ ಎಂದು ನಾಳೆ ಇಡೀ ಚಳ್ಳಕೆರೆ ಆಡಿಕೊಳ್ಳುತ್ತದೆ ಎಂಬ ಯೋಚನೆ ಬಂತು. ಟೀ ಲೋಟವನ್ನು ಬಾಯಿಗಿಟ್ಟುಕೊಂಡೆ.

"ನಾನೇ ತಪ್ಪು ಎಣಿಸಿದೆ ಅಕ್ಕ" ಎಂದರು ಅವರು. "ಹತ್ತು ಅಂದ್ಕಂಬಿಟ್ಟೆ."

ಅಕ್ಕ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕನ್ನಡಕ ಇಳಿಸಿಕೊಂಡರು.

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತು, ಹಳೆಯ ಜಕಾರ್ಡ್ ರಟ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಲೆಕ್ಕ ಹಾಕತೊಡಗಿದರು. ನಾನು ಅವರ ಮುಖ ನೋಡಲಾರದೆ ಸೀರೆಯನ್ನೇ ನೋಡುತ್ತಿದ್ದೆ. ಲೋಕಕ್ಕೆಲ್ಲ ಹೇಳಿಕೊಂಡು ಬಂದ ಅಂಕಿ, ಅಂಚೆಯಲ್ಲಿ ಹೊರಟುಹೋದ ಅಂಕಿ ಸುಳ್ಳಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಒಂದು ಪಾಯಿಂಟ್ ನಾಲ್ಕು" ಎಂದರು. "ಒಂದು ಪಾಯಿಂಟ್ ನಾಲ್ಕೇ ಕಣ್ರೀ ಬಂದಿದ್ದು. ಎಂಥೆಂಥೋರು, ಎಷ್ಟೆಷ್ಟು ದೊಡ್ಡ ಯಂತ್ರ ಇಟ್ಕಂಡು, ಬೇರೆ ಬೇರೆ ನಕ್ಷತ್ರ ತೂಗಿದ್ರೆ ಬರೋ ತೂಕ ಇದು. ನಮ್ಮಕ್ಕ ನವಿಲು ಬರೆಯೋ ಪೆನ್ಸಿಲ್‌ನಾಗೆ ತೂಗಿದ್ರೂ ಅದೇ ಬಂದೈತೆ. ಇದಕ್ಕಿಂತ ಇನ್ನೇನು ಬೇಕ್ರೀ?"

ನನಗೆ ನಂಬಲಾಗಲಿಲ್ಲ. ಶುಕ್ರವಾರದ ಖುಷಿಗಿಂತ ಇದು ದೊಡ್ಡದಿತ್ತು. ಅವರು ಎದ್ದು ಅಕ್ಕನ ಎರಡೂ ಕೈ ಹಿಡಿದು, ಮಗ್ಗದ ಪಕ್ಕದ ಇಷ್ಟೇ ಇಷ್ಟು ಜಾಗದಲ್ಲಿ, ಅರವತ್ತರ ಹತ್ತಿರದ ಆಕೆಯನ್ನು ಗಿರಗಿರನೆ ತಿರುಗಿಸಿದರು. "ಬಿಡೋ, ನೂಲು ಹರೀತೈತೆ" ಎಂದು ಆಕೆ ಬೈಯುತ್ತ ನಕ್ಕರು.

ಹಾಗೇ ಬರಿಗಾಲಲ್ಲಿ ಬೀದಿಗಿಳಿದು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿದರು. ನಾನು ಅವರ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನಿಂದ ಹೋದೆ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು. ಗೈಡಿನ ಮನೆಗೆ ಫೋನು. "ಸಾರ್, ನಾಳೆ ನಿಮಗೊಂದು ಅಂಕಿ ತಲುಪುತ್ತೆ, ಅದು ತಪ್ಪು. ಕಾಗದ ಓದೋದ್ರಲ್ಲಿ ನಾನು ತಪ್ಪಿದೀನಿ." ಮೇಷ್ಟ್ರು ರಿಸೀವರನ್ನು ಕಿವಿಗೆ ಒತ್ತಿ ಹಿಡಿದರು. ನನಗೆ ಅವರ ಐವತ್ತು ವರ್ಷವೂ ಆ ತಂತಿಯ ಮೇಲೆ ನಿಂತ ಹಾಗಿತ್ತು. ಆಗಲೂ ನಾನು ಬಾಗಿಲು ತಳ್ಳಿ ಒಳಗೆ ಹೋಗಿ ರಿಸೀವರ್ ಕಸಿದು ಹೇಳಬಹುದಿತ್ತು. ಹೇಳಲಿಲ್ಲ. ಚಪ್ಪಲಿ ಹಿಡಿದು ನಿಂತಿದ್ದೆ.

ಅವರು ಹೊರಗೆ ಬಂದರು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗು.

"ಏನಂದ್ರು ಸಾರ್?"

"ನಿಮ್ಮ ತಪ್ಪು ನಾನು ಹಿಡಿಯೋಕೆ ಮುಂಚೆ ನೀವೇ ಹಿಡಿದ್ರಿ, ಇನ್ನು ನಿಮ್ಮ ಅಂಕಿ ನಂಬಬಹುದು ಅಂದ್ರು. ಆ ಗ್ರಾಫ್ ಕಾಗದ ಹಂಗೇ ಕಳಿಸಿ, ತಿದ್ದಿ ಬರೀಬೇಡಿ ಅಂದ್ರು."

ಅದೇ ಅಳತೆಗಳನ್ನು ಬೆಂಗಳೂರಿನ ಕಂಪ್ಯೂಟರಿಗೆ ಹಾಕಿದಾಗಲೂ ಅಕ್ಕನ ಗೆರೆಗೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ ಬಂತು. ಥೀಸಿಸ್ ಆಯಿತು, ಪದವಿ ಬಂತು. ಕೃತಜ್ಞತೆಯ ಪುಟದಲ್ಲಿ ಅಕ್ಕನ ಹೆಸರು ಮೊದಲು, ನನ್ನದು ಎರಡನೆಯದು.

ಆಮೇಲೆ ನಿವೃತ್ತಿಯಾಗುವವರೆಗೂ ಪ್ರತಿ ವರ್ಷ, ಹೊಸ ಹುಡುಗರಿಗೆ ಮೊದಲ ತರಗತಿಯಲ್ಲಿ ಅವರು ಈ ಕತೆ ಹೇಳುತ್ತಿದ್ದರು. "ಎಂಟನ್ನ ಹತ್ತು ಅಂತ ಎಣಿಸಿದ ದಡ್ಡ ನಾನು. ನೀವು ಅಳೆಯೋ ಮುಂಚೆ ಅಳತೆಕೋಲನ್ನ ನೋಡ್ರಿ." ಹುಡುಗರ ನಗು ಗೋಡೆ ದಾಟಿ ಸ್ಟಾಫ್ ರೂಮಿಗೆ ಬರುತ್ತಿತ್ತು. ನಾನು ಹಾಜರಿ ಪುಸ್ತಕದೊಳಗೆ ತಲೆ ಹುದುಗಿಸುತ್ತಿದ್ದೆ. ಇಬ್ಬರೇ ಇದ್ದಾಗ ಆ ಮಾತನ್ನು ಅವರು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅವರೇ ಎತ್ತಲಿ ಎಂದು ಕಾಯುವುದು ಎಂಥ ಕ್ಷಮೆ?

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು, ಕಾರ್ಯಗಳೆಲ್ಲ ಮುಗಿದ ಮೇಲೆ ಮೊಳಕಾಲ್ಮೂರಿಗೆ ಹೋದೆ. ಅಕ್ಕನಿಗೆ ಈಗ ಕಣ್ಣು ಮಂಜು, ನಕ್ಷೆ ಬರೆಯುವುದನ್ನು ಬಿಟ್ಟಿದ್ದಾರೆ. ಮಗ್ಗದಲ್ಲಿ ಬೇರೆ ಯಾರೋ ಕೂತಿದ್ದರು. ಲಾಳಿಯ ಸದ್ದು ನಿಲ್ಲಲೆಂದು ಕಾದು, ನಾನು ಹೇಳಿಯೇಬಿಟ್ಟೆ.

"ಅಕ್ಕಾರೆ, ಆವತ್ತು ಆ ಕಾಗದ ಓದಿದ್ದು ಅವರಲ್ಲ. ನಾನು. ಹತ್ತು ಅಂತ ಎಣಿಸಿದ್ದು ನಾನು."

"ಗೊತ್ತು ಸಾರ್" ಎಂದರು ಆಕೆ.

"ಅವರು ಹೇಳಿದ್ರಾ?"

"ಅವನ್ಯಾಕೆ ಹೇಳ್ತಾನೆ? ಯಾರೂ ಹೇಳಬೇಕಾಗಿರಲಿಲ್ಲ. ಎಂಟು ಮನೆ ಕಾಗದದ ಮೇಲೆ ಅಂಬೆಗಾಲಿಟ್ಟೋನು ಸಾರ್ ಅವನು. ನಮ್ಮ ಮನೇಲಿ ಹುಟ್ಟಿದೋರು ಯಾರೂ ಅದನ್ನ ಹತ್ತು ಅಂತ ಎಣಿಸಂಗಿಲ್ಲ. ಅವನು ಆ ಕತೆ ಹೇಳಿದಾಗಲೆಲ್ಲ ನಮ್ಮ ಕೇರಿಯೋರೆಲ್ಲ ನಗ್ತಿದ್ರು." ಆಕೆ ನನ್ನ ಕಡೆ ಬಗ್ಗಿದರು. "ನೀವು ಬಂದಾಗ ಮಾತ್ರ ಯಾರೂ ನಗಬಾರ್ದು ಅಂತ ಹೇಳಿಟ್ಟಿದ್ದ. ಟೀ ಕುಡೀತೀರಾ?"

ಕುಡಿಯುತ್ತೇನೆ ಎಂದೆ.